ದೋಣಿಮನೆಯಲ್ಲಿ ಬೆಕ್ಕಿನ ಮರಿಗೆ ನಿಯಮ ಕಲಿಸುವ ಬಗೆ: ಒಂದು ಸಮಗ್ರ ಮಾರ್ಗದರ್ಶಿ

ನೆಲದ ಮೇಲಿನ ಮನೆಯಲ್ಲಿ ಬೆಕ್ಕಿನ ಮರಿ ಹೇಳಿದ್ದು ಕೇಳದಿದ್ದರೆ ಒಂದು ಲೋಟ ಉರುಳುತ್ತದೆ, ಒಂದು ಪರದೆ ಹರಿಯುತ್ತದೆ. ಗುಡಿಸಿ ಹಾಕಿದರೆ ಮುಗಿಯಿತು. ದೋಣಿಯೇ ಮನೆಯಾದಾಗ ಲೆಕ್ಕ ಬೇರೆಯಾಗುತ್ತದೆ. ಅಲ್ಲಿ ಮನೆಯ ಅಂಚು ದಾಟಿದರೆ ನೀರೇ ಇರುತ್ತದೆ, ಕಾಲ ಕೆಳಗಿನ ಹಲಗೆ ಯಾವ ಗಳಿಗೆಯಲ್ಲಾದರೂ ವಾಲುತ್ತದೆ, ಬೆಚ್ಚಗಿದೆ ಎಂದು ಮರಿ ಹುಡುಕಿಕೊಂಡು ಹೋಗುವ ಮೂಲೆಯಲ್ಲಿ ಎಂಜಿನ್ನಿನ ಬೆಲ್ಟ್ ತಿರುಗುತ್ತಿರುತ್ತದೆ. ಆದ್ದರಿಂದ ದೋಣಿಯಲ್ಲಿ ವಾಸಿಸುವವರು ಮರಿಯನ್ನು ತರುವುದಕ್ಕೆ ಮೊದಲೇ ಅದಕ್ಕೆ ಏನನ್ನು ಕಲಿಸಬೇಕು, ಯಾವ ಕ್ರಮದಲ್ಲಿ ಕಲಿಸಬೇಕು ಎಂಬುದನ್ನು ನಿರ್ಧರಿಸಿಕೊಂಡಿರಬೇಕು.

ಬೆಕ್ಕು ಮಾತು ಕೇಳುವ ಪ್ರಾಣಿಯಲ್ಲ ಎಂಬ ನಂಬಿಕೆ ಎಲ್ಲ ಕಡೆ ಇದೆ. ಅದು ಪೂರ್ತಿ ನಿಜವಲ್ಲ. ಬೆಕ್ಕಿಗೆ ‘ಮಾಡಬೇಡ’ ಎಂಬ ಮಾತು ಅರ್ಥವಾಗುವುದಿಲ್ಲ, ‘ಇದನ್ನು ಮಾಡು’ ಎಂಬುದು ಚೆನ್ನಾಗಿಯೇ ಅರ್ಥವಾಗುತ್ತದೆ. ದೋಣಿಯ ಮೇಲಿನ ತೆರೆದ ಹಾಸಿಗೆ, ಅಂದರೆ ಡೆಕ್ಕಿಗೆ, ಹೋಗಬೇಡ ಎಂದು ನೂರು ಸಲ ಗದರಿದರೂ ಅದು ಕಲಿಯುವುದು ನಿಮ್ಮ ಕಣ್ಣು ತಪ್ಪಿಸಿ ಹೋಗುವುದನ್ನು ಮಾತ್ರ. ಡೆಕ್ಕಿಗೆ ಹೋಗುವ ಏಣಿಯ ಮೇಲಿನ ಮೆಟ್ಟಿಲಲ್ಲಿ ಕುಳಿತರೆ ತಿನಿಸು ಸಿಗುತ್ತದೆ ಎಂದು ತೋರಿಸಿಕೊಟ್ಟರೆ ಅದು ಅಲ್ಲಿ ಕುಳಿತು ಕಾಯುತ್ತದೆ. ಹಾಗಾಗಿ ನಿಮಗೆ ಬೇಕಾದ ಪ್ರತಿಯೊಂದು ನಿಯಮವನ್ನೂ ಮೊದಲು ಮರಿ ಮಾಡಬಲ್ಲ ಒಂದು ಕೆಲಸವನ್ನಾಗಿ ಬದಲಿಸಿಕೊಳ್ಳಬೇಕು. ಹಾಗೆ ಬದಲಿಸಲು ಬಾರದ ನಿಯಮವಿದ್ದರೆ ಅದನ್ನು ಮರಿಗೆ ಕಲಿಸುವ ಹಟ ಬಿಟ್ಟು ದೋಣಿಯನ್ನೇ ಬದಲಿಸಬೇಕು: ಬಲೆ ಕಟ್ಟಬೇಕು, ಮುಚ್ಚಳ ಹಾಕಬೇಕು, ಕಪಾಟಿಗೆ ಚಿಲಕ ಇಡಬೇಕು. ನನ್ನ ಮಟ್ಟಿಗೆ ದೋಣಿಯ ಬೆಕ್ಕಿಗೆ ಕಲಿಸಲೇಬೇಕಾದ ನಿಯಮಗಳು ಮೂರು. ಕರೆದರೆ ಬರಬೇಕು; ಹಗ್ಗ ಕಟ್ಟಲು ಮೈಗೆ ತೊಡಿಸುವ ಎದೆಪಟ್ಟಿ ಇಲ್ಲದೆ ಏಣಿ ದಾಟಬಾರದು; ಗಂಟೆಯ ಸದ್ದು ಕೇಳಿದರೆ ತನ್ನ ಪೆಟ್ಟಿಗೆ ಸೇರಬೇಕು. ಜೀವ ಉಳಿಸುವ ನಿಯಮಗಳು ಇವೇ ಆದ್ದರಿಂದ ಶ್ರಮದ ಹೆಚ್ಚಿನ ಪಾಲು ಇವಕ್ಕೇ ಸಲ್ಲಬೇಕು.

ಮರಿಯ ವಯಸ್ಸು

ಬೆಕ್ಕಿನ ಮರಿಗಳು ಹುಟ್ಟಿದ ಎರಡನೆಯ ವಾರದಿಂದ ಸುಮಾರು ಏಳನೆಯ ವಾರದವರೆಗೆ ಹೊಸ ಮನುಷ್ಯರು, ಸದ್ದುಗಳು, ವಾಸನೆಗಳನ್ನು ಅತಿ ಸುಲಭವಾಗಿ ಒಪ್ಪಿಕೊಳ್ಳುತ್ತವೆ. ಆದರೆ ಆ ವಯಸ್ಸಿನಲ್ಲಿ ಅವು ತಾಯಿಯ ಜೊತೆಗೇ ಇರಬೇಕಾಗುತ್ತದೆ. ಎಂಟು ವಾರಕ್ಕೆ ಮೊದಲು ಬೇರ್ಪಡಿಸಬಾರದು, ಹನ್ನೆರಡು ವಾರದವರೆಗೆ ಬಿಟ್ಟರೆ ಇನ್ನೂ ಒಳ್ಳೆಯದು. ಕಚ್ಚುವಾಗ ಎಷ್ಟು ಬಲ ಹಾಕಬೇಕು, ಆಟ ಎಲ್ಲಿ ನಿಲ್ಲಬೇಕು ಎಂಬುದನ್ನು ಮರಿ ತಾಯಿ ಮತ್ತು ಒಡಹುಟ್ಟಿದವುಗಳಿಂದಲೇ ಕಲಿಯುತ್ತದೆ. ಆದ್ದರಿಂದ ಹುಟ್ಟಿದಾಗಿನಿಂದ ಜನರ ಕೈಯಲ್ಲಿ ಆಡಿ ಬೆಳೆದ, ಪಾತ್ರೆ ಬಿದ್ದ ಸದ್ದಿಗೆ ಬೆಚ್ಚಿ ಓಡಿದರೂ ಸ್ವಲ್ಪ ಹೊತ್ತಿಗೆ ಏನಾಯಿತೆಂದು ನೋಡಲು ತಾನೇ ಮರಳಿ ಬರುವ ಮರಿಯನ್ನು ಆರಿಸಿಕೊಳ್ಳಿ. ಗಂಟೆಗಟ್ಟಲೆ ಅಡಗಿ ಕೂರುವ ಮರಿಗೆ ದೋಣಿಯ ಬದುಕು ನಿತ್ಯದ ಹೆದರಿಕೆಯಾಗುತ್ತದೆ. ಎಷ್ಟೇ ಮುದ್ದಾಗಿದ್ದರೂ ಅಂಥ ಮರಿಯನ್ನು ನೆಲದ ಮನೆಗೆ ಬಿಡುವುದೇ ಅದಕ್ಕೆ ಮಾಡುವ ಉಪಕಾರ.

ಮರಿ ಬರುವ ಮುನ್ನ ದೋಣಿಯನ್ನು ಸಜ್ಜು ಮಾಡುವುದು

ಡೆಕ್ಕಿನ ಸುತ್ತಲಿನ ಕಂಬಿಗಳಿಗೆ ಕೆಳಗಿನಿಂದ ಮೇಲಿನವರೆಗೆ ಬಲೆ ಕಟ್ಟಿ. ಕಣ್ಣುಗಳು ಮರಿಯ ತಲೆ ತೂರದಷ್ಟು ಚಿಕ್ಕದಾಗಿರಲಿ. ಬಲೆಯ ಕೆಳ ಅಂಚಿಗೂ ಡೆಕ್ಕಿಗೂ ನಡುವೆ ಸಂದು ಉಳಿಯದಂತೆ ಬಿಗಿಯಾಗಿ ಕಟ್ಟಿರಿ. ಬಲೆ ಬೆಕ್ಕನ್ನು ಸಂಪೂರ್ಣವಾಗಿ ತಡೆಯುವ ಗೋಡೆಯಲ್ಲ, ಏಕೆಂದರೆ ಬೆಳೆದ ಬೆಕ್ಕು ಅದನ್ನು ಹತ್ತಬಲ್ಲದು. ಆದರೆ ಜಾರಿಕೊಂಡು ಬಂದ ಮರಿಯನ್ನು ಅದು ಹಿಡಿದು ನಿಲ್ಲಿಸುತ್ತದೆ. ಗಾಳಿಗಾಗಿ ತೆರೆದಿಡುವ ಪ್ರತಿಯೊಂದು ಹ್ಯಾಚ್‌ಗೂ (ಡೆಕ್ಕಿನಲ್ಲಿರುವ ಮುಚ್ಚಳದಂಥ ಬಾಗಿಲು) ಕಿಟಕಿಗೂ ಉಗುರಿಗೆ ಹರಿಯದ ಗಟ್ಟಿ ಜಾಲರಿ ಬೇಕು.

ವಿಷದ ವಿಚಾರದಲ್ಲಿ ಒಂದಿಷ್ಟೂ ಉದಾಸೀನ ಸಲ್ಲದು. ಎಂಜಿನ್ ತಂಪಿಡುವ ದ್ರವದಲ್ಲಿ ಬಳಸುವ ಎಥಿಲೀನ್ ಗ್ಲೈಕಾಲ್ ಬೆಕ್ಕುಗಳಿಗೆ ಘೋರ ವಿಷ. ಒಂದು ಕಿಲೋ ತೂಗುವ ಮರಿ ಒಂದು ಟೀ ಚಮಚಕ್ಕಿಂತ ಕಡಿಮೆ ನೆಕ್ಕಿದರೂ ಮೂತ್ರಪಿಂಡಗಳು ಕೆಟ್ಟು ಸಾಯಬಹುದು, ಮದ್ದು ಫಲಿಸಬೇಕಾದರೆ ಸುಮಾರು ಮೂರು ಗಂಟೆಗಳೊಳಗೆ ಚಿಕಿತ್ಸೆ ಆರಂಭವಾಗಬೇಕು. ತೀರದಿಂದ ದೂರವಿರುವ ದೋಣಿಯಲ್ಲಿ ಆ ಮೂರು ಗಂಟೆ ಸಿಗುವುದೇ ಇಲ್ಲವೆನ್ನಬಹುದು. ದೋಣಿಯ ತಳದಲ್ಲಿ ನಿಲ್ಲುವ ನೀರಿನಲ್ಲಿ ಈ ದ್ರವವೂ ಡೀಸೆಲ್ಲೂ ಬೆರೆತಿರುವುದರಿಂದ ನೆಲದ ಹಲಗೆಗಳು ಅಲ್ಲಾಡದಂತೆ ಭದ್ರಪಡಿಸಿ, ಮರಿಗೆ ಕುಡಿಯುವ ನೀರು ಸದಾ ಒಂದೇ ಜಾಗದಲ್ಲಿ ಸಿಗುವಂತೆ ಇಡಿ. ನೋವು ಜ್ವರಗಳಿಗೆ ನಾವು ನುಂಗುವ ಪ್ಯಾರಸಿಟಮಾಲ್ ಮಾತ್ರೆ, ನಾಯಿಗಳ ಚಿಗಟಕ್ಕೆ ಹಾಕುವ ಪರ್ಮೆಥ್ರಿನ್ ಮದ್ದು, ಲಿಲ್ಲಿ ಹೂವಿನ ಪರಾಗ, ಇವೂ ಬೆಕ್ಕಿನ ಪ್ರಾಣ ತೆಗೆಯುತ್ತವೆ.

ಮೀನಿನ ಗಾಳ, ನೂಲು, ಹಾಯಿ ಹೊಲಿಯುವ ದಾರ, ಸಣ್ಣ ಹಗ್ಗದ ಬಿಡಿಸಿದ ತುದಿ, ಇವುಗಳನ್ನೆಲ್ಲ ಮುಚ್ಚಳವಿರುವ ಡಬ್ಬಿಗೆ ಹಾಕಿ. ಬೆಕ್ಕಿನ ನಾಲಿಗೆಯ ಮೇಲಿನ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿರುವುದರಿಂದ ಒಮ್ಮೆ ಬಾಯಿಗೆ ಹೋದ ದಾರವನ್ನು ಉಗುಳುವುದು ಅದಕ್ಕೆ ಕಷ್ಟ. ನುಂಗಿದ ದಾರ ಕರುಳನ್ನು ನೆರಿಗೆಗಟ್ಟಿಸಿ ಕತ್ತರಿಸುತ್ತದೆ. ದೋಣಿ ತುಂಬ ಹಗ್ಗವೇ ಇರುವಾಗ ಇದನ್ನು ಹೇಗೆ ತಡೆಯುವುದು ಎಂಬ ಪ್ರಶ್ನೆ ಸಹಜ. ದಪ್ಪ ಹಗ್ಗದಿಂದ ಅಪಾಯವಿಲ್ಲ, ಅಪಾಯವಿರುವುದು ಮರಿಯ ಬಾಯಿಯಲ್ಲಿ ಹಿಡಿಸುವಷ್ಟು ತೆಳುವಾದ ಎಳೆಯಿಂದ.

ಮೊದಲ ವಾರ ಒಂದೇ ಕೋಣೆ

ಬಂದ ಮರಿಯನ್ನು ಇಡೀ ದೋಣಿಯಲ್ಲಿ ಬಿಡಬೇಡಿ. ಒಂದು ಕ್ಯಾಬಿನ್ನಿನ ಬಾಗಿಲು ಹಾಕಿ, ಅದರಲ್ಲಿ ಹಾಸಿಗೆ, ನೀರು, ಆಹಾರ, ಮಲಮೂತ್ರಕ್ಕೆ ಮರಳಿನ ತಟ್ಟೆ ಮತ್ತು ಮುಂದೆ ಅದರ ಆಸರೆಯಾಗಲಿರುವ ಕ್ಯಾರಿಯರ್ ಪೆಟ್ಟಿಗೆಯನ್ನು ಬಾಗಿಲು ತೆರೆದು ಇಡಿ. ದೋಣಿ ದಕ್ಕೆಗೆ ಕಟ್ಟಿದ ಸ್ಥಿತಿಯಲ್ಲೇ ಇರಲಿ. ಈ ವಾರ ಪ್ರಯಾಣ ಬೇಡ. ಮರಳಿನ ತಟ್ಟೆಯನ್ನು ದೋಣಿಯ ನಡುಭಾಗದಲ್ಲಿ, ಆದಷ್ಟು ತಗ್ಗಿನಲ್ಲಿ ಇಡುವುದು ಮುಖ್ಯ, ಏಕೆಂದರೆ ಅಲೆಗೆ ಮೂತಿಯ ಭಾಗ ಏರಿಳಿದಷ್ಟು ನಡುಭಾಗ ಏರಿಳಿಯುವುದಿಲ್ಲ. ಎತ್ತರದ ಅಂಚಿನ ತಟ್ಟೆಯನ್ನು ಜಾರದ ರಬ್ಬರ್ ಹಾಸಿನ ಮೇಲಿಟ್ಟು, ನಾಲ್ಕೂ ಕಡೆಯಿಂದ ಕದಲದಂತೆ ಕಟ್ಟಿ. ಒಮ್ಮೆ ತಟ್ಟೆಯೊಡನೆ ತಾನೂ ಜಾರಿದ ಮರಿ ಮತ್ತೆ ಆ ತಟ್ಟೆಯನ್ನು ನಂಬುವುದಿಲ್ಲ, ಆಮೇಲೆ ನಿಮ್ಮ ಹಾಸಿಗೆಯೇ ಅದರ ಆಯ್ಕೆಯಾಗುತ್ತದೆ. ಇದನ್ನು ಮರಿಯ ಅವಿಧೇಯತೆ ಎಂದು ತಿಳಿಯುವವರು ಬಹಳ ಮಂದಿ. ತಟ್ಟೆ ಕಟ್ಟಿದವರದೇ ತಪ್ಪು.

ಮರಿಗಳು ದಿನಕ್ಕೆ ಹದಿನಾರರಿಂದ ಇಪ್ಪತ್ತು ಗಂಟೆ ನಿದ್ರಿಸುತ್ತವೆ. ಎಬ್ಬಿಸಿ ಕಲಿಸಬೇಡಿ. ಅವು ಹೆಚ್ಚು ಚುರುಕಾಗಿರುವುದು ಮುಂಜಾನೆಯ ಮಬ್ಬಿನಲ್ಲಿ ಮತ್ತು ಸಂಜೆಯ ಹೊತ್ತಿನಲ್ಲಿ. ಕಲಿಸಲು ಆ ಹೊತ್ತೇ ಸರಿ, ಎಚ್ಚರ ತಪ್ಪಬಾರದ ಹೊತ್ತೂ ಅದೇ.

ಬಹುಮಾನದ ಸದ್ದು

ಎಲ್ಲ ಕಲಿಕೆಗೂ ಅಡಿಪಾಯ ಒಂದು ಸಣ್ಣ ಸದ್ದು. ಕ್ಲಿಕ್ಕರ್ ಎಂಬ ಪುಟ್ಟ ಸಾಧನವನ್ನು ಬಳಸಬಹುದು. ಆದರೆ ದೋಣಿಯಲ್ಲಿ ಎರಡು ಕೈಗಳಿಗೂ ಸದಾ ಕೆಲಸವಿರುವುದರಿಂದ ನಾಲಿಗೆಯಿಂದ ‘ಟಕ್’ ಎನ್ನಿಸುವುದೇ ಮೇಲು. ಬೆರಳ ತುದಿಯ ಉಗುರಿನಷ್ಟು ಚಿಕ್ಕದಾಗಿ ಹರಿದ ಬೇಯಿಸಿದ ಕೋಳಿಮಾಂಸ ಅಥವಾ ಮರಿಗೆ ಬಹಳ ಇಷ್ಟವಾದ ಬೇರೆ ತಿನಿಸನ್ನು ಹತ್ತಿರವಿಟ್ಟುಕೊಳ್ಳಿ. ‘ಟಕ್’ ಎನ್ನಿ, ಒಂದೆರಡು ಸೆಕೆಂಡಿನೊಳಗೆ ತಿನಿಸು ಕೊಡಿ. ಹೀಗೆ ಹತ್ತು ಹದಿನೈದು ಬಾರಿ ಮಾಡಿದ ಮೇಲೆ ಸದ್ದು ಕೇಳಿದೊಡನೆ ಮರಿಯ ತಲೆ ನಿಮ್ಮ ಕೈಯತ್ತ ತಿರುಗತೊಡಗುತ್ತದೆ. ಅಲ್ಲಿಗೆ ‘ಈಗ ನೀನು ಮಾಡಿದ್ದು ಸರಿ’ ಎಂದು ಹೇಳಲು ನಿಮಗೊಂದು ಭಾಷೆ ಸಿಕ್ಕಿತೆಂದು ಅರ್ಥ. ಬಹುಮಾನ ಐದು ಸೆಕೆಂಡು ತಡವಾದರೂ ಮರಿ ಆ ಹೊತ್ತಿಗೆ ಬೇರೆ ಏನನ್ನೋ ಮಾಡುತ್ತಿರುತ್ತದೆ, ಬಹುಮಾನ ಅದಕ್ಕೆ ಸಂದಂತಾಗುತ್ತದೆ. ಸದ್ದು ಇರುವುದೇ ಈ ಅಂತರವನ್ನು ತುಂಬಲು.

ಪ್ರತಿ ಪಾಠ ಎರಡು ಮೂರು ನಿಮಿಷ ಮೀರದಿರಲಿ. ದಿನಕ್ಕೆ ನಾಲ್ಕೈದು ಪಾಠಗಳು ಸಾಕು, ಅವೆಲ್ಲವೂ ಊಟಕ್ಕೆ ಸ್ವಲ್ಪ ಮುಂಚೆ ನಡೆಯಲಿ. ಹೊಟ್ಟೆ ತುಂಬಿದ ಮರಿಗೆ ತಿನಿಸಿನ ಮೇಲೆ ಗಮನವಿರುವುದಿಲ್ಲ. ಹಾಗೆಂದು ಕಲಿಸುವ ನೆಪದಲ್ಲಿ ಬೆಳೆಯುವ ಮರಿಯನ್ನು ಉಪವಾಸ ಕೆಡವುವುದು ಎಂದಿಗೂ ಸಲ್ಲದು.

ಮೊದಲ ನಿಯಮ: ಕರೆದರೆ ಬರಬೇಕು

ಹೆಸರನ್ನು ನಾವು ದಿನವಿಡೀ ಸುಮ್ಮನೆ ಬಳಸುತ್ತಿರುತ್ತೇವೆ, ಹಾಗಾಗಿ ಕರೆಯುವುದಕ್ಕೆ ಹೆಸರು ತಕ್ಕುದಲ್ಲ. ಬೇರೊಂದು ಸದ್ದನ್ನು ಇದಕ್ಕೇ ಮೀಸಲಿಡಿ. ಸಣ್ಣ ಸೀಟಿ ಉತ್ತಮ: ಮನುಷ್ಯನ ಕಿವಿ ಸುಮಾರು 20 ಕಿಲೋಹರ್ಟ್ಜ್‌ವರೆಗೆ ಕೇಳಿಸಿಕೊಂಡರೆ ಬೆಕ್ಕಿನ ಕಿವಿ 60 ಕಿಲೋಹರ್ಟ್ಜ್‌ಗೂ ಮೀರಿ ಕೇಳಿಸಿಕೊಳ್ಳುತ್ತದೆ, ಗಾಳಿ ಮತ್ತು ಎಂಜಿನ್ನಿನ ದಪ್ಪ ಸದ್ದಿನ ನಡುವೆಯೂ ಸೀಟಿಯ ತೆಳು ದನಿ ಅದಕ್ಕೆ ಬೇರೆಯಾಗಿಯೇ ಕೇಳುತ್ತದೆ.

ಮೊದಲ ಮೂರು ದಿನ ಪ್ರತಿ ಊಟದ ತಟ್ಟೆ ಇಡುವ ಮುನ್ನ ಸೀಟಿ ಊದಿ, ಅಷ್ಟೆ. ನಾಲ್ಕನೆಯ ದಿನ ಒಂದು ಮಾರು ದೂರದಿಂದ ಊದಿ. ಮರಿ ನಿಮ್ಮತ್ತ ಹೆಜ್ಜೆ ಇಟ್ಟಾಗ ‘ಟಕ್’, ತಲುಪಿದಾಗ ತಿನಿಸು. ಆಮೇಲೆ ಪಕ್ಕದ ಕ್ಯಾಬಿನ್ನಿನಿಂದ, ಮುಚ್ಚಿದ ಬಾಗಿಲಿನ ಆಚೆಯಿಂದ, ಅದು ಆಟದಲ್ಲಿ ಮುಳುಗಿರುವಾಗ, ಕೊನೆಗೆ ದೀಪ ಆರಿಸಿದ ಕತ್ತಲೆಯಲ್ಲಿ. ಇದರಲ್ಲಿ ಮೀರಬಾರದ ಕಟ್ಟುಪಾಡು ಒಂದೇ. ಮರಿಗೆ ಅಪ್ರಿಯವಾದ ಯಾವ ಕೆಲಸಕ್ಕೂ ಆ ಸೀಟಿಯನ್ನು ಊದಬೇಡಿ. ಉಗುರು ಕತ್ತರಿಸಬೇಕೇ, ಔಷಧ ಕುಡಿಸಬೇಕೇ, ಎದ್ದುಹೋಗಿ ಎತ್ತಿಕೊಂಡು ಬನ್ನಿ. ಸೀಟಿಯನ್ನು ನಂಬಿ ಬಂದ ಮರಿಗೆ ಒಮ್ಮೆ ಮೋಸವಾದರೆ ನಂಬಿಕೆ ಮರಳಲು ವಾರಗಳೇ ಬೇಕು. ಬೆಕ್ಕು ದೊಡ್ಡದಾದ ಮೇಲೂ ದಿನಕ್ಕೊಮ್ಮೆಯಾದರೂ ಕಾರಣವಿಲ್ಲದೆ ಸೀಟಿ ಊದಿ ಒಳ್ಳೆಯ ತಿನಿಸು ಕೊಡುವುದನ್ನು ನಿಲ್ಲಿಸಬಾರದು.

ಎರಡನೆಯ ನಿಯಮ: ಏಣಿಯ ಮೇಲಿನ ಮೆಟ್ಟಿಲು

ಕ್ಯಾಬಿನ್ನಿನಿಂದ ಡೆಕ್ಕಿಗೆ ಹೋಗುವ ಏಣಿಯೇ ದೋಣಿಮನೆಯ ಹೊಸ್ತಿಲು. ಈ ಹೊಸ್ತಿಲಲ್ಲಿ ನಿಂತು ಕಾಯುವುದನ್ನು ಕಲಿಸುವುದಕ್ಕೆ ಎರಡು ಮೂರು ವಾರ ಹಿಡಿಯುತ್ತದೆ, ಅವಸರಪಡಬೇಡಿ.

ಮೊದಲು ಕ್ಯಾಬಿನ್ನಿನ ಒಳಗೇ ಒಂದು ಚಿಕ್ಕ ಚಾಪೆಯ ಮೇಲೆ ಕೂರುವುದನ್ನು ಕಲಿಸಬೇಕು. ಮರಿ ಚಾಪೆಯ ಮೇಲೆ ಕಾಲಿಟ್ಟಾಗ ‘ಟಕ್’. ನಾಲ್ಕೂ ಕಾಲು ಬಂದಾಗ ‘ಟಕ್’. ಕುಳಿತಾಗ ‘ಟಕ್’. ತಿನಿಸನ್ನು ಯಾವಾಗಲೂ ಚಾಪೆಯ ಮೇಲೆಯೇ ಇಡಿ. ಅದು ತಾನಾಗಿ ಚಾಪೆ ಹುಡುಕಿಕೊಂಡು ಬಂದು ಕೂರತೊಡಗಿದ ಮೇಲೆ ‘ನಿಲ್ಲು’ ಎಂಬ ಮಾತನ್ನು ಸೇರಿಸಿ, ಕುಳಿತಿರಬೇಕಾದ ಹೊತ್ತನ್ನು ಒಂದು ಸೆಕೆಂಡಿನಿಂದ ಹತ್ತು ಸೆಕೆಂಡಿಗೆ ನಿಧಾನವಾಗಿ ಹೆಚ್ಚಿಸಿ. ಆಮೇಲೆ ಅದೇ ಚಾಪೆಯ ಒಂದು ತುಂಡನ್ನು ಏಣಿಯ ಮೇಲಿನ ಮೆಟ್ಟಿಲಿಗೆ ಅಂಟಿಸಿ. ಕಾಲಿಗೆ ತಾಗುವ ಆ ಒರಟು ಹಾಸು ಮರಿಗೆ ಮಾತಿಗಿಂತ ಸ್ಪಷ್ಟವಾದ ಗುರುತು.

ಈಗ ಹ್ಯಾಚ್ ತೆರೆಯುವ ಪಾಠ. ನಮ್ಮ ಮರಿಯೊಂದು ಇದನ್ನು ಕಲಿತ ಬೆಳಗು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಹ್ಯಾಚ್ ನಾಲ್ಕು ಬೆರಳು ತೆರೆದಿತ್ತು, ಹೊರಗಿನಿಂದ ಮೀನಿನ ಬಲೆಯ ವಾಸನೆ ಬರುತ್ತಿತ್ತು. ಮುಂಗಾಲೊಂದನ್ನು ಎತ್ತಿ ಹೊಸ್ತಿಲ ಪಟ್ಟಿಯ ಮೇಲಿಟ್ಟು ಮೂಗನ್ನು ಅರಳಿಸಿತು, ಮೀಸೆಗಳು ಮುಂದಕ್ಕೆ ಚಾಚಿಕೊಂಡವು, ಒಂದು ಕಿವಿ ಹೊರಗಿನ ಕಡೆಗೂ ಇನ್ನೊಂದು ನನ್ನ ಕಡೆಗೂ ತಿರುಗಿತು. ನಾನು ಮಾತಾಡಲಿಲ್ಲ, ಹ್ಯಾಚನ್ನು ಮೆಲ್ಲನೆ ಮುಚ್ಚಿದೆ. ಎತ್ತಿದ ಕಾಲು ಚಾಪೆಗೆ ಮರಳಿತು. ‘ಟಕ್’, ತಿನಿಸು. ಮತ್ತೆ ನಾಲ್ಕು ಬೆರಳು ತೆರೆದೆ. ಏಳನೆಯ ಸಲಕ್ಕೆ ಅದು ಕಾಲು ಎತ್ತಲಿಲ್ಲ, ಕುಳಿತು ನನ್ನ ಮುಖ ನೋಡಿತು. ಪಾಠದ ತಿರುಳು ಇಷ್ಟೇ: ಮುನ್ನುಗ್ಗಿದರೆ ಬಾಗಿಲು ಮುಚ್ಚುತ್ತದೆ, ಕುಳಿತರೆ ತೆರೆಯುತ್ತದೆ. ಹ್ಯಾಚನ್ನು ಎಂದಿಗೂ ರಪ್ಪನೆ ಮುಚ್ಚಬಾರದು, ಕಾಲು ಸಿಕ್ಕಿಕೊಂಡೀತು. ನಾಲ್ಕು ಬೆರಳಿನಿಂದ ಒಂದು ಗೇಣು, ಅಲ್ಲಿಂದ ಅರ್ಧ, ಕೊನೆಗೆ ಪೂರ್ತಿ ತೆರೆದ ಹ್ಯಾಚಿನ ಮುಂದೆಯೂ ಮರಿ ಕುಳಿತು ಕಾಯುವವರೆಗೆ ಈ ಪಾಠ ಮುಂದುವರಿಯಲಿ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಗಾದೆ ನಮಗೆಲ್ಲ ಗೊತ್ತು. ನಿಯಮದ ವಿಷಯದಲ್ಲಿ ಮರಿ ಕಣ್ಣು ತೆರೆದೇ ಇರುತ್ತದೆ, ನೀವು ಇದ್ದೀರೋ ಇಲ್ಲವೋ ಎಂದು ನೋಡುತ್ತಿರುತ್ತದೆ. ಆದ್ದರಿಂದ ಎಷ್ಟೇ ಚೆನ್ನಾಗಿ ಕಲಿತ ಬೆಕ್ಕಾದರೂ ಮನೆಯವರು ಮಲಗಿರುವಾಗ ಅಥವಾ ಹೊರಗೆ ಹೋದಾಗ ಹ್ಯಾಚಿನ ಜಾಲರಿ ಮುಚ್ಚಿಯೇ ಇರಬೇಕು.

ಎದೆಪಟ್ಟಿ ಮತ್ತು ಹಗ್ಗ

ಹಾರ್ನೆಸ್ ಎಂದು ಕರೆಯುವ ಎದೆಪಟ್ಟಿಯನ್ನು ಮರಿಗೆ ಒಮ್ಮೆಲೇ ತೊಡಿಸಿದರೆ ಅದು ನೆಲಕ್ಕೆ ಅಂಟಿಕೊಂಡು ಹಿಂಗಾಲು ಎಳೆಯುತ್ತ ಮಲಗಿಬಿಡುತ್ತದೆ. ಎರಡು ದಿನ ಪಟ್ಟಿಯನ್ನು ಊಟದ ತಟ್ಟೆಯ ಪಕ್ಕದಲ್ಲಿಡಿ. ನಂತರ ಬೆನ್ನ ಮೇಲೆ ಸುಮ್ಮನೆ ಹಾಕಿ ತೆಗೆಯಿರಿ. ಆಮೇಲೆ ಕೊಂಡಿ ಹಾಕಿ ಅರ್ಧ ನಿಮಿಷ, ಆ ಅರ್ಧ ನಿಮಿಷದಲ್ಲಿ ಬಿಡದೆ ಆಟವಾಡಿಸಿ. ಪಟ್ಟಿಗೂ ಮೈಗೂ ನಡುವೆ ಎರಡು ಬೆರಳು ತೂರುವಷ್ಟು ಸಡಿಲವಿರಬೇಕು, ಅದಕ್ಕಿಂತ ಹೆಚ್ಚಿದ್ದರೆ ಬೆಕ್ಕು ಹಿಂದಕ್ಕೆ ಸರಿದು ಕಳಚಿಕೊಳ್ಳುತ್ತದೆ. ಮರಿ ವಾರದಿಂದ ವಾರಕ್ಕೆ ಬೆಳೆಯುವುದರಿಂದ ಪ್ರತಿ ವಾರವೂ ಅಳೆದು ನೋಡಿ. ಕುತ್ತಿಗೆಯ ಪಟ್ಟಿಗೆ ಹಗ್ಗ ಕಟ್ಟುವುದು ಮಾತ್ರ ಎಂದಿಗೂ ಬೇಡ. ಕುತ್ತಿಗೆಯಲ್ಲಿ ಗಂಟೆ, ಗುರುತಿನ ಬಿಲ್ಲೆ ಇರುವ, ಎಳೆದರೆ ತಾನೇ ಬಿಚ್ಚಿಕೊಳ್ಳುವ ಪಟ್ಟಿಯಿರಲಿ.

ಹಗ್ಗದ ಉದ್ದವನ್ನು ಲೆಕ್ಕ ಹಾಕಿಯೇ ನಿರ್ಧರಿಸಬೇಕು. ದೋಣಿಯ ಅಗಲ 3 ಮೀಟರ್ ಎಂದುಕೊಳ್ಳೋಣ. ಹಗ್ಗವನ್ನು ನಟ್ಟನಡುವೆ ಕಟ್ಟಿದರೆ ಅಂಚಿಗೆ 1.5 ಮೀಟರ್ ಉಳಿಯುತ್ತದೆ. ಬೆಕ್ಕು ಮೈ ಚಾಚಿದರೂ ಅಂಚು ಮುಟ್ಟದಂತಿರಬೇಕಾದರೆ ಹಗ್ಗ 1 ಮೀಟರಿಗಿಂತ ಉದ್ದವಿರಬಾರದು. ಅಂಚು ದಾಟುವಷ್ಟು ಉದ್ದದ ಹಗ್ಗ ಹಗ್ಗವಿಲ್ಲದಿರುವುದಕ್ಕಿಂತ ಕೆಟ್ಟದ್ದು, ಏಕೆಂದರೆ ಹಾರಿದ ಬೆಕ್ಕು ನೀರನ್ನೂ ಮುಟ್ಟದೆ ಡೆಕ್ಕನ್ನೂ ಹಿಡಿಯಲಾಗದೆ ನಡುವೆ ನೇತಾಡುತ್ತದೆ. ಹಗ್ಗ ಸುತ್ತಿ ಎಳೆಯುವ ವಿಂಚ್, ಹಾಯಿಯ ಹಗ್ಗಗಳು, ತೂಗಾಡುವ ಅಡ್ಡಮರ ಇರುವ ಕಡೆ ಹಗ್ಗ ಕಟ್ಟಬೇಡಿ. ಹಗ್ಗ ಕಟ್ಟಿದ ಮರಿಯನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡಬೇಡಿ.

ಲೈಫ್ ಜಾಕೆಟ್ ಕೊಳ್ಳುವಾಗ ಬೆನ್ನ ಮೇಲೆ ಗಟ್ಟಿ ಹಿಡಿಕೆ ಇದೆಯೇ ನೋಡಿ. ನೀರಿನಿಂದ ಮೇಲೆತ್ತಲು ಕೊಕ್ಕೆ ಸಿಕ್ಕಿಸುವುದು ಅಲ್ಲಿಗೇ. ಎದೆಪಟ್ಟಿ ಒಗ್ಗಿದ ಮರಿಗೆ ಜಾಕೆಟ್ ತೊಡಿಸುವುದು ಬಹಳ ಕಷ್ಟವಲ್ಲ.

ಮೂರನೆಯ ನಿಯಮ: ಗಂಟೆ ಬಾರಿಸಿದರೆ ಪೆಟ್ಟಿಗೆಗೆ

ಎಂಜಿನ್ ಚಾಲೂ ಮಾಡುವ ಮುನ್ನ, ಲಂಗರು ಎತ್ತುವ ಮುನ್ನ, ಒಲೆ ಹಚ್ಚುವ ಮುನ್ನ, ಗಾಳಿ ಜೋರಾದಾಗ, ಇಂಥ ಹೊತ್ತಿನಲ್ಲೆಲ್ಲ ಮರಿ ಎಲ್ಲಿದೆ ಎಂದು ಹುಡುಕಲು ಸಮಯವಿರುವುದಿಲ್ಲ. ಹುಡುಕುವ ಬದಲು ಅದೇ ಒಂದು ಜಾಗಕ್ಕೆ ಬಂದು ಸೇರುವಂತೆ ಮಾಡಬೇಕು.

ಕ್ಯಾರಿಯರ್ ಪೆಟ್ಟಿಗೆಯನ್ನು ದೋಣಿಯ ನಡುಭಾಗದಲ್ಲಿ ಭದ್ರವಾಗಿ ಕಟ್ಟಿ, ಒಳಗೆ ನೀವು ಉಟ್ಟು ಬಿಟ್ಟ ಹತ್ತಿಬಟ್ಟೆ ಹಾಸಿ. ಮೊದಲ ವಾರದಿಂದಲೇ ದಿನದ ಒಂದು ಊಟ ಅದರೊಳಗೇ ಆಗಲಿ. ನಂತರ ಒಂದು ಚಿಕ್ಕ ಹಿತ್ತಾಳೆ ಗಂಟೆ ಬಾರಿಸಿ ತಿನಿಸನ್ನು ಪೆಟ್ಟಿಗೆಯೊಳಗೆ ಹಾಕಿ. ದಿನಕ್ಕೆ ಐದಾರು ಸಲ. ಮರಿ ಗಂಟೆಯ ಸದ್ದಿಗೇ ಓಡಿಬಂದು ಒಳಗೆ ಕೂರತೊಡಗಿದ ಮೇಲೆ ಬಾಗಿಲನ್ನು ಒಂದು ಕ್ಷಣ ಮುಚ್ಚಿ ತೆರೆಯಿರಿ, ಮುಚ್ಚಿದ ಹೊತ್ತನ್ನು ದಿನದಿಂದ ದಿನಕ್ಕೆ ಹೆಚ್ಚಿಸಿ. ಎಂಜಿನ್ನಿನ ಸದ್ದನ್ನು ಕೊನೆಗೆ ಸೇರಿಸಬೇಕು. ಅದನ್ನು ಮೊದಲು ಫೋನಿನಲ್ಲಿ ಮುದ್ರಿಸಿಕೊಂಡು ಊಟದ ಹೊತ್ತಿನಲ್ಲಿ ಸಣ್ಣ ದನಿಯಲ್ಲಿ ಕೇಳಿಸಿ, ಮರಿಯ ಕಿವಿ ಹಿಂದಕ್ಕೆ ಮಡಚಿಕೊಳ್ಳದಿದ್ದರೆ ಮರುದಿನ ದನಿಯನ್ನು ತುಸು ಏರಿಸಿ. ನಿಜವಾದ ಎಂಜಿನ್ ಚಾಲೂ ಮಾಡುವಾಗ ಮರಿ ಪೆಟ್ಟಿಗೆಯೊಳಗೆ ಒಳ್ಳೆಯ ತಿನಿಸಿನ ಮುಂದೆ ಇರಲಿ.

ಗಂಟೆ ಬಾರಿಸಿದ ಮೇಲೂ ಮರಿಯನ್ನು ಕಣ್ಣಾರೆ ಕಂಡೇ ಕೀಲಿ ತಿರುಗಿಸಬೇಕು. ಒಮ್ಮೆ ನಮ್ಮ ಮರಿ ಗಂಟೆಗೆ ಬರಲಿಲ್ಲ. ಎಂಜಿನ್ನಿನ ಪೆಟ್ಟಿಗೆಯನ್ನು ಬಡಿದೆವು, ತೆರೆದು ನೋಡಿದೆವು, ಅಲ್ಲಿಯೂ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಮಡಚಿಟ್ಟ ಹಾಯಿಯ ಪದರದೊಳಗೆ, ಗಾಢ ನಿದ್ರೆಯಲ್ಲಿ. ಹಾಯಿ ಏರಿಸಿದ್ದರೆ ಅದರೊಂದಿಗೆ ಎತ್ತರಕ್ಕೆ ಹೋಗಿ ಬೀಳುತ್ತಿತ್ತು. ಅಂದಿನಿಂದ ಮರಿ ಕಣ್ಣಿಗೆ ಬೀಳುವವರೆಗೆ ದೋಣಿಯಲ್ಲಿ ಯಾವುದೂ ಅಲುಗಬಾರದು ಎಂಬುದನ್ನು ನಾವು ನಮಗೇ ವಿಧಿಸಿಕೊಂಡೆವು.

ದೋಣಿ ತೊರೆಯಬೇಕಾದ ವಿಪತ್ತಿನಲ್ಲಿಯೂ ಇದೇ ಗಂಟೆ, ಇದೇ ಪೆಟ್ಟಿಗೆ ಕೆಲಸಕ್ಕೆ ಬರುತ್ತವೆ.

ಉಗುರು, ಒಲೆ, ದಡ

ಮರಿ ಉಗುರು ಮಸೆಯುವುದನ್ನು ನಿಲ್ಲಿಸಲಾಗದು, ನಿಲ್ಲಿಸಲೂಬಾರದು; ಅದು ಅದರ ಮೈಯ ಅಗತ್ಯ. ಕ್ಯಾಬಿನ್ನಿನೊಳಗಿನ ಕಂಬಕ್ಕೆ ಕತ್ತಾಳೆ ನಾರಿನ ಹಗ್ಗವನ್ನು, ಮರಿ ನೆಟ್ಟಗೆ ನಿಂತು ಮೈ ಚಾಚಿದಾಗಿನ ಎತ್ತರಕ್ಕಿಂತ ಒಂದು ಗೇಣು ಮೇಲಿನವರೆಗೆ ಬಿಗಿಯಾಗಿ ಸುತ್ತಿ. ಬೆಕ್ಕು ಸಾಮಾನ್ಯವಾಗಿ ಎದ್ದೊಡನೆ ಉಗುರು ಮಸೆಯುತ್ತದೆ, ಆದ್ದರಿಂದ ಕಂಬ ಅದು ಮಲಗುವ ಜಾಗದ ಹತ್ತಿರವೇ ಇರಲಿ. ಹಾಯಿಬಟ್ಟೆಯ ಹತ್ತಿರ ಕಂಡರೆ ಗದರದೆ ಎತ್ತಿಕೊಂಡು ಬಂದು ಕಂಬದ ಮುಂದೆ ಬಿಡಿ. ಉಗುರನ್ನು ಶಸ್ತ್ರಕ್ರಿಯೆಯಿಂದ ತೆಗೆಸುವುದು ಕ್ರೌರ್ಯ. ದೋಣಿಯ ಬೆಕ್ಕಿನ ಮಟ್ಟಿಗೆ ಅದು ಪ್ರಾಣಕ್ಕೂ ಕುತ್ತು, ಏಕೆಂದರೆ ನೀರಿಗೆ ಬಿದ್ದಾಗ ಹತ್ತಿ ಬರಲು ಅದಕ್ಕೆ ಉಗುರೇ ಆಧಾರ.

ಒಲೆಯ ಕಟ್ಟೆ ಏರದಿರುವುದನ್ನು ಕಲಿಸುವುದಕ್ಕಿಂತ ಅಡುಗೆಯ ಹೊತ್ತಿನಲ್ಲಿ ಗಂಟೆ ಬಾರಿಸಿ ಮರಿಯನ್ನು ಪೆಟ್ಟಿಗೆಗೆ ಕಳಿಸುವುದು ಸುಲಭ. ಉಳಿದ ಹೊತ್ತಿನಲ್ಲಿ ಕಟ್ಟೆಯ ಮೇಲೆ ತಿನ್ನುವಂಥದ್ದೇನೂ ಇರದಿದ್ದರೆ ಸಾಕು.

ದಡಕ್ಕೆ ಹಾರುವ ಚಪಲ ಮಾತ್ರ ಗಂಭೀರವಾದದ್ದು. ದಕ್ಕೆಗೂ ದೋಣಿಗೂ ನಡುವಿನ ಸಂದು ಕಿರಿದಾಗುತ್ತ ಅಗಲವಾಗುತ್ತ ಇರುವುದರಿಂದ ಮರಿಯ ಅಂದಾಜು ತಪ್ಪುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಂಥ ದೇಶಗಳಲ್ಲಿ ಹೊರಗಿನಿಂದ ಬಂದ ದೋಣಿಯ ಬೆಕ್ಕು ಅನುಮತಿಯಿಲ್ಲದೆ ನೆಲ ಮುಟ್ಟುವಂತೆಯೇ ಇಲ್ಲ. ಮರಿಯನ್ನು ದಡಕ್ಕೆ ಒಯ್ಯುವುದಾದರೆ ಯಾವಾಗಲೂ ಪೆಟ್ಟಿಗೆಯಲ್ಲಿಯೇ ಒಯ್ಯಿರಿ. ದಡವೆಂದರೆ ಪೆಟ್ಟಿಗೆಯ ಮೂಲಕ ತಲುಪುವ ಜಾಗ ಎಂದು ಅದರ ಮನಸ್ಸಿನಲ್ಲಿ ಕೂರಬೇಕು.

ನೀರಿಗೆ ಬಿದ್ದರೆ ಹತ್ತಿ ಬರುವುದು

ಆಸ್ಟ್ರೇಲಿಯಾವನ್ನು ಹಡಗಿನಲ್ಲಿ ಸುತ್ತಿದ ಮ್ಯಾಥ್ಯೂ ಫ್ಲಿಂಡರ್ಸ್ ಅವರ ಜೊತೆಗಿದ್ದ ಟ್ರಿಮ್ ಎಂಬ ಬೆಕ್ಕು 1799ರಲ್ಲಿ ಹಡಗಿನ ಮೇಲೆಯೇ ಹುಟ್ಟಿತು. ಮರಿಯಾಗಿದ್ದಾಗ ಅದು ಸಮುದ್ರಕ್ಕೆ ಬಿದ್ದು, ಈಜಿ ಬಂದು ಹಗ್ಗ ಹಿಡಿದು ಹಡಗನ್ನು ಹತ್ತಿತೆಂದು ಫ್ಲಿಂಡರ್ಸ್ ಬರೆದಿಟ್ಟಿದ್ದಾರೆ. ಬೆಕ್ಕುಗಳು ಈಜಬಲ್ಲವು. ಆದರೆ ನುಣುಪಾದ ದೋಣಿಯ ಮೈಯಲ್ಲಿ ಉಗುರಿಗೆ ಏನೂ ಸಿಗದೆ ದಣಿದು ಮುಳುಗುತ್ತವೆ. ಆದ್ದರಿಂದ ದೋಣಿ ನಿಂತಿರುವಾಗ ಎರಡೂ ಬದಿಗೆ ಮತ್ತು ಹಿಂಭಾಗಕ್ಕೆ ದಪ್ಪ ತೆಂಗಿನ ನಾರಿನ ಹಗ್ಗ ಅಥವಾ ಹಳೆಯ ಜಮಖಾನದ ಪಟ್ಟಿಯನ್ನು ನೀರಿನೊಳಗೆ ಮೊಳ ಮುಳುಗುವಂತೆ ಇಳಿಬಿಡಬೇಕು.

ಹತ್ತುವುದನ್ನು ಒಣ ಜಾಗದಲ್ಲಿ ಕಲಿಸಿ. ಅದೇ ಪಟ್ಟಿಯನ್ನು ಕ್ಯಾಬಿನ್ನಿನ ಒಳಗೆ ತೂಗುಬಿಟ್ಟು ಮೇಲೆ ತಿನಿಸಿಡಿ. ಮೊದಲು ಒಂದು ಮೊಳ, ಆಮೇಲೆ ಎರಡು. ಚೆನ್ನಾಗಿ ಹತ್ತತೊಡಗಿದ ಮೇಲೆ ಪಟ್ಟಿಯನ್ನು ಒದ್ದೆ ಮಾಡಿ ಹತ್ತಿಸಿ. ಮರಿಯನ್ನು ನೀರಿಗೆ ಎಸೆದು ಕಲಿಸಬೇಕೆಂದು ಹೇಳುವವರಿದ್ದಾರೆ. ಅವರ ಮಾತು ಕೇಳಬೇಡಿ. ಮರಿ ಅದರಿಂದ ಕಲಿಯುವುದು ನಿಮ್ಮ ಕೈಗೆ ಹೆದರುವುದನ್ನು. ಉದ್ದ ಹಿಡಿಯ ಮೀನುಬಲೆಯೊಂದು ಡೆಕ್ಕಿನ ಮೇಲೆ ಕೈಗೆ ಸಿಗುವಂತಿರಲಿ. ನೀರಿನಿಂದ ಎತ್ತಿದ ಮರಿಯನ್ನು ಸಿಹಿನೀರಿನಲ್ಲಿ ತೊಳೆದು, ಒರೆಸಿ, ಬೆಚ್ಚಗಿಡಿ. ಹಾಗೆಯೇ ಬಿಟ್ಟರೆ ಮೈ ನೆಕ್ಕಿ ಉಪ್ಪನ್ನೆಲ್ಲ ನುಂಗುತ್ತದೆ. ಉಸಿರಾಟ ವೇಗವಾಗಿದ್ದರೆ ಅಥವಾ ಕೆಮ್ಮು ಬಂದರೆ ಶ್ವಾಸಕೋಶಕ್ಕೆ ನೀರು ಹೋಗಿರಬಹುದು. ಕೆಲವು ಗಂಟೆಗಳ ಮೇಲೂ ಅದು ಬಿಗಡಾಯಿಸಬಹುದಾದ್ದರಿಂದ ಪಶುವೈದ್ಯರಿಗೆ ತೋರಿಸಲೇಬೇಕು.

ಮೊದಲ ಪ್ರಯಾಣ

ಮೂರು ನಿಯಮಗಳೂ ದಕ್ಕೆಯಲ್ಲಿ ಗಟ್ಟಿಯಾದ ಮೇಲೆ ಅರ್ಧ ಗಂಟೆಯ ಪ್ರಯಾಣ ಸಾಕು, ಅದೂ ನೀರು ಶಾಂತವಾಗಿರುವ ದಿನ. ಹೊರಡುವ ಮೂರು ನಾಲ್ಕು ಗಂಟೆ ಮೊದಲು ಸ್ವಲ್ಪವೇ ಉಣಿಸಿ. ಜೊಲ್ಲು ಸುರಿಸುವುದು, ಪದೇ ಪದೇ ತುಟಿ ನೆಕ್ಕುವುದು, ಎಳೆದೆಳೆದು ಕೂಗುವುದು ಕಂಡರೆ ಕಡಲ ಬೇನೆ ಆರಂಭವಾಗಿದೆ ಎಂದು ತಿಳಿಯಿರಿ. ಆ ದಿನ ಪಾಠವಿಲ್ಲ, ನಿಯಮವಿಲ್ಲ; ಪೆಟ್ಟಿಗೆಯೊಳಗೆ ಕತ್ತಲೆ, ತಂಪು, ನೆಮ್ಮದಿ ಕೊಡಿ. ವಾಂತಿ ನಿಲ್ಲಿಸಲು ಪಶುವೈದ್ಯರು ಕೊಡುವ ಮದ್ದುಗಳಿವೆ, ಮನುಷ್ಯರ ಮಾತ್ರೆಯನ್ನು ತುಂಡು ಮಾಡಿ ಕೊಡಬಾರದು. ಬಿಸಿಲಿನ ದಿನ ಬೆಕ್ಕು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಅದು ತುರ್ತು ಸ್ಥಿತಿ. ಕೂಡಲೇ ನೆರಳಿಗೆ ತಂದು, ಮೈಯನ್ನು ತಣ್ಣೀರಿನಿಂದ ಒದ್ದೆ ಮಾಡಿ, ಗಾಳಿ ಬೀಸಿ, ವೈದ್ಯರನ್ನು ಸಂಪರ್ಕಿಸಿ.

ತಪ್ಪು ಮಾಡಿದಾಗ, ಹರೆಯ ಬಂದಾಗ

ಹೊಡೆಯುವುದು, ಮೂಗು ತಿಕ್ಕುವುದು, ನೀರು ಚಿಮ್ಮಿಸುವುದು, ಇವುಗಳಲ್ಲಿ ಒಂದೂ ಬೇಡ. ಹೆದರಿದ ಬೆಕ್ಕು ಅಡಗಿಕೊಳ್ಳುತ್ತದೆ, ದೋಣಿಯಲ್ಲಿ ಅಡಗುವ ಜಾಗಗಳೆಲ್ಲ ಅಪಾಯದ ಜಾಗಗಳೇ: ಎಂಜಿನ್ನಿನ ಸಂದು, ಲಂಗರಿನ ಸರಪಳಿಯ ಗೂಡು, ಹಾಯಿಯ ಮಡಿಕೆ. ಹೆದರಿಸಿ ಕಲಿಸಿದ ಮರಿ ಬಿರುಗಾಳಿಯ ರಾತ್ರಿ ಸೀಟಿಗೆ ಬರುವುದಿಲ್ಲ. ಅದು ತಪ್ಪಿದಾಗ ನೀವು ಮಾಡಬೇಕಾದದ್ದು ಒಂದು ಹೆಜ್ಜೆ ಹಿಂದಕ್ಕೆ ಹೋಗುವುದು: ಪೂರ್ತಿ ತೆರೆದ ಹ್ಯಾಚಿನ ಮುಂದೆ ಕೂರದಿದ್ದರೆ ಅರ್ಧ ತೆರೆದ ಹ್ಯಾಚಿಗೆ, ಅಲ್ಲಿಯೂ ಕೂರದಿದ್ದರೆ ಚಾಪೆಗೆ. ರಾತ್ರಿ ಎಬ್ಬಿಸಿ ಕಾಡುವ ಮರಿಗೆ ಮಲಗುವ ಮುನ್ನ ಹದಿನೈದು ನಿಮಿಷ ಓಡಿಸಿ ಆಟವಾಡಿಸಿ, ಆಮೇಲೆ ಹೊಟ್ಟೆ ತುಂಬ ಉಣಿಸಿ. ಬೇಟೆಯಾಡಿ, ತಿಂದು, ಮೈ ನೆಕ್ಕಿ ಮಲಗುವುದು ಬೆಕ್ಕಿನ ಹುಟ್ಟುಗುಣ. ಕೈಬೆರಳನ್ನು ಆಟಿಕೆ ಮಾಡಬೇಡಿ. ಇಂದು ಮುದ್ದಾಗಿ ಕಚ್ಚುವ ಮರಿ ನಾಳೆ ಚುಕ್ಕಾಣಿ ಹಿಡಿದ ಕೈಗೇ ಎರಗುತ್ತದೆ.

ಐದಾರು ತಿಂಗಳಿಗೆ ಹರೆಯ ಬರುತ್ತದೆ, ಕಲಿತದ್ದೆಲ್ಲ ಮರೆತಂತೆ ಕಾಣುತ್ತದೆ. ಅದಕ್ಕೆ ಮುಂಚೆಯೇ, ನಾಲ್ಕು ಐದು ತಿಂಗಳ ಹೊತ್ತಿಗೆ, ವೈದ್ಯರ ಸಲಹೆಯಂತೆ ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸಿದರೆ ಅಲೆದಾಟದ ಹಂಬಲವೂ ಮೂತ್ರ ಚಿಮ್ಮಿಸುವ ಅಭ್ಯಾಸವೂ ಬಹುಮಟ್ಟಿಗೆ ತಗ್ಗುತ್ತವೆ. ಆ ತಿಂಗಳುಗಳಲ್ಲಿ ಚಾಪೆಯ ಪಾಠವನ್ನು ಮೊದಲಿನಿಂದ ಒಮ್ಮೆ ನಡೆಸಿ. ಎರಡನೆಯ ಸಲ ಅದು ಬೇಗ ಕಲಿಯುತ್ತದೆ.

ದೋಣಿಗೆ ಬರುವ ಅತಿಥಿಗಳಿಗೆ ಮರಿಯ ನಿಯಮಗಳು ಗೊತ್ತಿರುವುದಿಲ್ಲ, ತಿಂಗಳುಗಳ ಕೆಲಸವನ್ನು ಅವರು ಪ್ರೀತಿಯಿಂದಲೇ ಒಂದು ಸಂಜೆಯಲ್ಲಿ ಕೆಡಿಸಬಲ್ಲರು. ಅವರು ಬರುವ ಮೊದಲೇ ಏಣಿಯ ಪಕ್ಕದಲ್ಲಿ, ಕಣ್ಣಿನ ಎತ್ತರಕ್ಕೆ, ನೀರಿಗೆ ಅಳಿಸದ ಶಾಯಿಯಲ್ಲಿ ಬರೆದ ಹಲಗೆಯೊಂದನ್ನು ತೂಗುಹಾಕಿ: ಹ್ಯಾಚಿನ ಜಾಲರಿ ಮುಚ್ಚಿರಿ, ಮರಿ ಚಾಪೆಯ ಮೇಲೆ ಕುಳಿತ ಹೊರತು ಬಾಗಿಲು ತೆರೆಯಬೇಡಿ, ಸೀಟಿ ಊದಬೇಡಿ, ತಿನಿಸು ಕೊಡುವುದಾದರೆ ಪೆಟ್ಟಿಗೆಯೊಳಗೆ ಹಾಕಿ.